ಸಂಸ್ಕರಿಸಿದ ನೀರು, ಮಡಿಯ ಮೂಗು

"ಬೆಂಗಳೂರಿನೋರು ಕುಂಡಿ ತೊಳೆದ ನೀರು ನಮಗಾ?"

ಈ ಮಾತನ್ನು ಬಂಗಾರಪೇಟೆಯ ಬಸ್‌ಸ್ಟ್ಯಾಂಡಿನಲ್ಲಿ ಕೇಳಿದ್ದೇವೆ, ಬೇತಮಂಗಲದ ಟೀ ಅಂಗಡಿಯಲ್ಲಿ ಕೇಳಿದ್ದೇವೆ, ತೆಲುಗಿನಲ್ಲೂ ಕೇಳಿದ್ದೇವೆ. ವೇದಿಕೆ ಹತ್ತಿದಾಗ ಇದೇ ಮಾತು ಇಸ್ತ್ರಿ ಬಟ್ಟೆ ತೊಟ್ಟುಕೊಂಡು, ರಾಜಧಾನಿಯ ಕೊಳಚೆಯನ್ನು ಬರದ ಜಿಲ್ಲೆಯ ತಲೆಗೆ ಕಟ್ಟುವ ಹುನ್ನಾರ ಅಂತ ಆಗುತ್ತದೆ. ಸರ್ಕಾರದ ಕಾಗದದಲ್ಲಿ ಅದೇ ನೀರಿನ ಹೆಸರು 'ಎರಡನೇ ಹಂತದವರೆಗೆ ಸಂಸ್ಕರಿಸಿದ ನೀರು'. ಒಂದೇ ನೀರು, ಮೂರು ಮಾತು. ಕಥೆ, ಕವಿತೆಗಳನ್ನು ಮಾತ್ರ ವಿಮರ್ಶೆ ಮಾಡಬೇಕು ಅಂತ ಯಾರೂ ಕಟ್ಟಳೆ ಮಾಡಿಲ್ಲ. ಜನರ ನಾಲಿಗೆಯ ಮೇಲಿರುವ ಮಾತೂ ಒಂದು ಕೃತಿಯೇ. ಅದಕ್ಕೂ ಕರ್ತೃ ಇದ್ದಾನೆ, ಜಾತಿ ಇದೆ, ಇತಿಹಾಸ ಇದೆ. ಇಲ್ಲಿ ನಾವು ಆ ಮಾತುಗಳನ್ನೇ ಬಿಚ್ಚಿ ನೋಡಲು ಹೊರಟಿದ್ದೇವೆ.

ಮೊದಲು ಸಂಗತಿ. ಕೋಲಾರ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿ ಇಲ್ಲ. ಎರಡು ಸಾವಿರಕ್ಕೂ ಹೆಚ್ಚು ಕೆರೆಗಳಿದ್ದವು, ಅವು ಒಣಗಿದವು. ಬೋರ್‌ವೆಲ್ಲುಗಳು ಸಾವಿರ ಅಡಿ ದಾಟಿದವು. ಅಷ್ಟು ಆಳದಿಂದ ಬಂದ ನೀರಿನಲ್ಲಿ ಫ್ಲೋರೈಡ್ ಬಂತು, ಮಕ್ಕಳ ಹಲ್ಲು ಕಂದಿತು, ಮುದುಕರ ಮೊಣಕಾಲು ಬಗ್ಗಿತು. ಎತ್ತಿನಹೊಳೆಯ ನೀರು ತರುತ್ತೇವೆ ಅಂತ 2014ರಲ್ಲಿ ಶಂಕುಸ್ಥಾಪನೆ ಮಾಡಿದರು. ಆ ನೀರಿಗೆ ಮೊದಲೇ ಬಂದದ್ದು ಕೆ.ಸಿ. ವ್ಯಾಲಿ ನೀರು. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಶುದ್ಧೀಕರಣ ಘಟಕಗಳಲ್ಲಿ ಹಾಯಿಸಿ, ದಿನಕ್ಕೆ 44 ಕೋಟಿ ಲೀಟರ್ ಕೋಲಾರ ಮತ್ತು ಚಿಂತಾಮಣಿ ಕಡೆಯ 126 ಕೆರೆಗಳಿಗೆ ಪಂಪು ಮಾಡುವುದು ಯೋಜನೆ. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರದ ಕೆರೆಗೆ ಮೊದಲ ನೀರು ಬಿತ್ತು. ಪೂಜೆ ಆಯಿತು, ಬಾಗಿನ ಆಯಿತು. ಮರುತಿಂಗಳೇ ಕೆರೆಯಲ್ಲಿ ಬಿಳಿ ನೊರೆ ಎದ್ದಿತು. ಹೈಕೋರ್ಟು ತಡೆ ಕೊಟ್ಟಿತು, ಆಮೇಲೆ ತೆಗೆಯಿತು. 2019ರ ಆರಂಭದಲ್ಲಿ ಸುಪ್ರೀಂ ಕೋರ್ಟು ತಡೆ ಕೊಟ್ಟಿತು, ಆಮೇಲೆ ಅದೂ ಹೋಯಿತು. ನೀರು ಹರಿಯಿತು. ಅಂತರ್ಜಲ ಮೇಲೆ ಬಂತು ಅನ್ನುವುದನ್ನು ಭಾರತೀಯ ವಿಜ್ಞಾನ ಸಂಸ್ಥೆಯವರ ಅಧ್ಯಯನವೂ ಹೇಳಿತು, ಬತ್ತಿದ ಬಾವಿಯಲ್ಲಿ ನೀರು ಕಂಡ ರೈತರೂ ಹೇಳಿದರು.

ಸರ್ಕಾರ ಒಂದು ಮಾತು ಪದೇ ಪದೇ ಹೇಳುತ್ತಾ ಬಂದಿದೆ: ಇದು ಕುಡಿಯುವ ನೀರಲ್ಲ, ಅಂತರ್ಜಲ ಮರುಪೂರಣಕ್ಕೆ ಮಾತ್ರ. ಈ 'ಮಾತ್ರ' ಅನ್ನುವುದರಲ್ಲೇ ಮೋಸ ಇದೆ. ಕೆರೆಯ ನೀರು ನೆಲಕ್ಕೆ ಇಳಿಯುತ್ತದೆ. ನೆಲದಿಂದ ಪಂಚಾಯ್ತಿ ಬೋರ್‌ವೆಲ್ಲು ಎತ್ತುತ್ತದೆ. ಬೋರ್‌ವೆಲ್ಲಿನಿಂದ ಟ್ಯಾಂಕಿಗೆ, ಟ್ಯಾಂಕಿನಿಂದ ಬೀದಿ ನಲ್ಲಿಗೆ, ನಲ್ಲಿಯಿಂದ ಅವ್ವನ ಬಿಂದಿಗೆಗೆ. ನಡುವೆ ಇರುವುದು ಮಣ್ಣು ಮಾತ್ರ. ಕೋಲಾರದ ಹಳ್ಳಿಯಲ್ಲಿ ಅಂತರ್ಜಲ ಅಂದರೆ ಮನೆ ನೀರು. ಅದು ಗೊತ್ತಿದ್ದೂ 'ಮರುಪೂರಣ' ಅನ್ನುವ ನಯವಾದ ಪದದ ಹಿಂದೆ ಅಡಗಿಕೊಳ್ಳುವುದನ್ನು ನಾವು ಒಪ್ಪುವುದಿಲ್ಲ. ಇರಲಿ, ಆ ಜಗಳಕ್ಕೆ ಮುಂದೆ ಬರುತ್ತೇವೆ.

ಈಗ ಬೈಗುಳಕ್ಕೆ ಬರೋಣ. ಕೊಳಚೆ, ಕಕ್ಕಸು ನೀರು, ಹೊಲಸು. ಈ ಕೊನೆಯ ಪದವನ್ನು ನಾವು ಸುಮ್ಮನೆ ದಾಟಿಹೋಗಲಾರೆವು. ಕಿಟ್ಟೆಲ್ ನಿಘಂಟು ತೆಗೆದು 'ಹೊಲೆ' ನೋಡಿ. ಮೈಲಿಗೆ, ಸೂತಕ, ಮುಟ್ಟು. ನಮ್ಮವರು ಕೆಲವರು 'ಹೊಲೆಯ' ಅಂದರೆ ಹೊಲದವನು ಅಂತ ಬಿಡಿಸುತ್ತಾರೆ, ಬಿಡಿಸಲಿ, ಅದು ಸ್ವಾಭಿಮಾನದ ವ್ಯುತ್ಪತ್ತಿ. ಆದರೆ ಊರಿನ ಕಿವಿಗೆ ಹೊಲೆ, ಹೊಲಸು, ಹೊಲೆಯ ಮೂರೂ ಒಂದೇ ಹಗ್ಗದ ಎಳೆಗಳು. ಕನ್ನಡದಲ್ಲಿ ಕೊಳಕನ್ನು ಬೈಯಲು ಹೊರಟರೆ ಮೂರು ಹೆಜ್ಜೆಯಲ್ಲಿ ನಮ್ಮ ಕೇರಿ ಸಿಗುತ್ತದೆ. ಭಾಷೆಯೇ ಹಾಗೆ ದಾರಿ ಮಾಡಿ ಇಟ್ಟಿದೆ. ಆದ್ದರಿಂದ ಸಭೆಯಲ್ಲಿ ಒಬ್ಬ ಜಮೀನ್ದಾರ ಎದ್ದು "ಈ ಹೊಲಸು ನೀರು ನಮ್ಮ ಕೆರೆ ಮುಟ್ಟಬಾರದು" ಅಂತ ಕೂಗಿದಾಗ, ಚಪ್ಪಾಳೆ ತಟ್ಟುವ ಮೊದಲು ಕೈ ನಿಲ್ಲಿಸಿಕೊಂಡು ಕೇಳಬೇಕಾಗುತ್ತದೆ: ಅಯ್ಯಾ, 'ಮುಟ್ಟಬಾರದು' ಅನ್ನುವ ಕ್ರಿಯಾಪದ ನಿನಗೆ ಎಲ್ಲಿಂದ ಬಂತು? ಇದೇ ಕೆರೆಯ ಯಾವ ಸೋಪಾನದಲ್ಲಿ ನಾವು ಇಳಿಯಬೇಕು, ಯಾವುದರಲ್ಲಿ ಇಳಿಯಬಾರದು ಅಂತ ಕಟ್ಟು ಮಾಡಿದ್ದವರು ಯಾರು?

ಸರ್ಕಾರದ ಪದ ಇನ್ನೂ ಸೊಗಸಾಗಿದೆ. ಸಂಸ್ಕರಿಸಿದ ನೀರು! ಸಂಸ್ಕಾರ ಅಂದರೆ ಜಾತಕರ್ಮ, ಉಪನಯನ, ಅಂತ್ಯಕ್ರಿಯೆ. ಸಂಸ್ಕಾರ ಆದವನು ದ್ವಿಜ. ಈ ಎಂಜಿನಿಯರುಗಳು ಗೊತ್ತಿಲ್ಲದೆಯೇ ಕೊಳಚೆಗೆ ಜನಿವಾರ ಹಾಕಿದ್ದಾರೆ. ಆದರೆ ವಿಚಿತ್ರ ನೋಡಿ, ಎರಡು ಹಂತ ಸಂಸ್ಕಾರ ಆದರೂ ನೀರಿಗೆ ದ್ವಿಜತ್ವ ಸಿಗಲಿಲ್ಲ. ಮೂಲ ಗೊತ್ತಿದೆಯಲ್ಲ! ಕೊಳಕು ಎಷ್ಟು ಉಳಿದಿದೆ ಅಂತ ಕೇಳುವವರು ಕಡಿಮೆ, ಎಲ್ಲಿ ಹುಟ್ಟಿತು ಅಂತ ಕೇಳುವವರು ಜಾಸ್ತಿ. ಓದಿ ಪಾಸಾಗಿ, ತೊಳೆದ ಅಂಗಿ ಹಾಕಿಕೊಂಡು, ಪಟ್ಟಣದಲ್ಲಿ ಬಾಡಿಗೆ ಮನೆ ಕೇಳಲು ಹೋದ ನಮ್ಮಂಥ ಹುಡುಗರಿಗೆ ಈ ಪ್ರಶ್ನೆ ಹೊಸದಲ್ಲ. ಪರೀಕ್ಷೆಯ ಅಂಕ ಯಾರಿಗೂ ಬೇಡ, ಊರು ಯಾವುದು, ಊರಲ್ಲಿ ಮನೆ ಎಲ್ಲಿ ಅನ್ನುವುದು ಬೇಕು.

ಹುಟ್ಟಿನ ಲೆಕ್ಕವೇ ಸರಿ ಅನ್ನುವುದಾದರೆ ಬೆಂಗಳೂರು ಕುಡಿಯುವ ಕಾವೇರಿಯ ಲೆಕ್ಕವನ್ನೂ ಹಾಕೋಣ. ಶಿವನಸಮುದ್ರದ ಹತ್ತಿರ ಎತ್ತುವ ಆ ನೀರು ಶ್ರೀರಂಗಪಟ್ಟಣ ದಾಟಿ, ತಿರುಮಕೂಡಲಿನಲ್ಲಿ ನಂಜನಗೂಡಿನ ಕಪಿಲೆಯನ್ನು ಸೇರಿಸಿಕೊಂಡು ಬರುತ್ತದೆ. ಮೇಲಿನ ಊರುಗಳು ಬಳಸಿ ಬಿಟ್ಟ ನೀರು ಅದರಲ್ಲಿ ಇಲ್ಲವೇ? ಇದೆ. ಸೋಸಿ, ಕ್ಲೋರಿನ್ ಹಾಕಿ ಕುಡಿಯುತ್ತಾರೆ. ಸಂಗಮದಲ್ಲಿ ಮುಳುಗಿ ಎದ್ದು ತೀರ್ಥ ಅಂತಲೂ ಕುಡಿಯುತ್ತಾರೆ. ನದಿಯ ಹೆಸರಿದ್ದರೆ ತೀರ್ಥ, ಪೈಪಿನಲ್ಲಿ ಬಂದರೆ ಹೊಲಸು. 1927ರಲ್ಲಿ ಮಹಾಡದ ಚವದಾರ್ ಕೆರೆಯ ನೀರನ್ನು ಬಾಬಾಸಾಹೇಬರೂ ಅವರ ಜೊತೆಗಾರರೂ ಮುಟ್ಟಿ ಕುಡಿದ ಮೇಲೆ ಸವರ್ಣೀಯರು ಆ ಕೆರೆಯನ್ನು ಶುದ್ಧಿ ಮಾಡಿದರು. ಯಾತರಿಂದ? ಹಸುವಿನ ಸಗಣಿ, ಗಂಜಲ, ಹಾಲು, ಮೊಸರು ಕಲಸಿದ 108 ಕೊಡಗಳಿಂದ. ಅಂದರೆ ಸಗಣಿ ಗಂಜಲ ನೀರಿಗೆ ಬಿದ್ದರೆ ಶುದ್ಧಿ, ಮನುಷ್ಯನ ಕೈ ಬಿದ್ದರೆ ಮೈಲಿಗೆ. ನೀರಿನ ಬಗ್ಗೆ ಈ ದೇಶದ ಅಸಹ್ಯ ಕೊಳಕಿನ ಮೇಲೆ ನಿಂತದ್ದಲ್ಲ ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನಮಗೆ ಬೇಡ.

ಹಾಗೆ ನೋಡಿದರೆ ಬಳಸಿದ ನೀರನ್ನು ಮತ್ತೆ ಬಳಸುವುದು ನಮ್ಮ ಮನೆಗಳಿಗೆ ಬೆಂಗಳೂರಿನ ಎಂಜಿನಿಯರು ಕಲಿಸಬೇಕಾದ ವಿದ್ಯೆ ಅಲ್ಲ. ಎರಡು ಬಿಂದಿಗೆ ನೀರಿಗೆ ಒಂದು ಮೈಲಿ ನಡೆದ ಹೆಂಗಸು ಒಂದು ಚೊಂಬನ್ನೂ ಸುಮ್ಮನೆ ಚೆಲ್ಲಿದವಳಲ್ಲ. ಅಕ್ಕಿ ತೊಳೆದದ್ದು ಎಮ್ಮೆಗೆ. ಪಾತ್ರೆ ಗಲಬರಿಸಿದ್ದು ಬಾನಿಗೆ. ಬಟ್ಟೆ ಜಾಲಿಸಿದ ಕೊನೆಯ ನೀರಿನಲ್ಲಿ ಮಕ್ಕಳ ಕಾಲು. ಬಚ್ಚಲ ನೀರು ಹಿತ್ತಿಲ ನುಗ್ಗೆಗೆ, ಬಾಳೆಗೆ. ಆ ನುಗ್ಗೆಕಾಯಿ ಸಾರನ್ನು ಉಂಡು ನಾವು ಬೆಳೆದದ್ದು. ಇದನ್ನು ಯಾರೂ 'ಮರುಬಳಕೆ' ಅನ್ನಲಿಲ್ಲ, ಇದಕ್ಕೆ ಯಾರೂ ಪ್ರಶಸ್ತಿ ಕೊಡಲಿಲ್ಲ. ಬಡತನ ಅಂತಷ್ಟೇ ಅಂದರು.

ಬೇತಮಂಗಲದ ಕಥೆಯನ್ನು ಇಲ್ಲಿ ಹೇಳಲೇಬೇಕು. ಪಾಲಾರಿಗೆ ಕಟ್ಟಿದ ಈ ಕೆರೆ ಹಳೆಯದು. ಶಾಸನಗಳು ಈ ಊರನ್ನು ವಿಜಯಾದಿತ್ಯಮಂಗಲ ಅನ್ನುತ್ತವೆ. 1892ರ ಮದ್ರಾಸ್–ಮೈಸೂರು ಒಪ್ಪಂದದಲ್ಲಿ ಪಾಲಾರಿನ ಹೆಸರೂ ಸೇರಿದೆ, ಅಂದರೆ ಇಲ್ಲಿನ ನೀರಿನ ಜಗಳಕ್ಕೆ ನೂರು ವರ್ಷ ದಾಟಿದೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಇದೇ ಕೆರೆಯ ನೀರನ್ನು ಸೋಸಿ ಪೈಪಿನಲ್ಲಿ ಕೋಲಾರದ ಚಿನ್ನದ ಗಣಿಗೆ ಕಳಿಸಿದರು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 90 ಮೈಲಿ ತಂತಿ ಎಳೆದು ಅದೇ ಗಣಿಗೆ ಕರೆಂಟು ಕೊಟ್ಟರು. ಮುಂದೆ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿಯಿತು. ವಿಜ್ಞಾನಕ್ಕೆ ಆಗದ್ದು ಏನಿತ್ತು ಆ ಊರಲ್ಲಿ? ಒಂದೇ ಒಂದಿತ್ತು. ಕಾರ್ಮಿಕರ ಲೈನುಗಳ ಕಕ್ಕಸಿಗೆ ನೀರು ಹೋಗಲಿಲ್ಲ.

ಅವು ಒಣ ಕಕ್ಕಸುಗಳು. ನೀರು ಮಾಡಬೇಕಾದ ಕೆಲಸವನ್ನು ಅಲ್ಲಿ ಮನುಷ್ಯ ಮಾಡುತ್ತಿದ್ದ. ತಗಡು, ಪೊರಕೆ, ಬಕೆಟ್ಟು. ಬೇತಮಂಗಲದ ನೀರು ಅದಿರು ಪುಡಿ ಮಾಡುವ ಗಿರಣಿಗೆ ಬೇಕಿತ್ತು, ಬಂಗಲೆಗೆ ಬೇಕಿತ್ತು, ಕುಡಿಯಲಿಕ್ಕೂ ಬೇಕಿತ್ತು, ಆದರೆ ಲೈನಿನ ಮಲ ಸಾಗಿಸಲು ಮಾತ್ರ ಬೇಡವಾಗಿತ್ತು. ಯಾಕೆ? ಆ ಕೆಲಸಕ್ಕೆ ನೀರಿಗಿಂತ ಮಾದಿಗರ ಮೈ ಅಗ್ಗವಾಗಿತ್ತು. ಇದೇ ಕೆಜಿಎಫ್‌ನಲ್ಲಿ, ಇದೇ ಕೆಲಸದ ಮನೆತನದಲ್ಲಿ ಹುಟ್ಟಿದವರು ಬೆಜವಾಡ ವಿಲ್ಸನ್. ಉದ್ಯೋಗ ವಿನಿಮಯ ಕಚೇರಿಗೆ ಹೋದಾಗ ತಮ್ಮ ಓದು ಕೇಳದೆ ಜಲಗಾರನ ಕೆಲಸವನ್ನೇ ಬರೆದುಕೊಂಡರು ಅಂತ ಅವರು ಹೇಳಿದ್ದಾರೆ. ಅವರು ಒಣ ಕಕ್ಕಸುಗಳ ವಿರುದ್ಧ ಎದ್ದದ್ದು, ಸಫಾಯಿ ಕರ್ಮಚಾರಿ ಆಂದೋಲನ ಕಟ್ಟಿದ್ದು, 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದದ್ದು ಎಲ್ಲರಿಗೂ ಗೊತ್ತು. ಗಣಿ 2001ರ ಫೆಬ್ರುವರಿಯಲ್ಲಿ ಮುಚ್ಚಿತು. ಕೈಯಿಂದ ಬಳಿಯುವುದು ಮುಚ್ಚಲಿಲ್ಲ. 2013ರ ಸೆಪ್ಟೆಂಬರಿನಲ್ಲಿ ಸಂಸತ್ತು ಮಲ ಹೊರುವುದರ ವಿರುದ್ಧ ಹೊಸ ಕಾಯಿದೆ ಮಾಡಿತು. ತಿಂಗಳು ತುಂಬುವುದರೊಳಗೆ, ಅಕ್ಟೋಬರಿನ ಆರಂಭದಲ್ಲಿ, ಕೆಜಿಎಫ್‌ನ ಮಾರಿಕುಪ್ಪಂನಲ್ಲಿ ಮಲದ ಗುಂಡಿಗೆ ಇಳಿದ ಮೂವರು ಸತ್ತರು.

ಈಗ ಎರಡನ್ನೂ ಒಟ್ಟಿಗೆ ಇಟ್ಟು ನೋಡಿ. ಮಲವನ್ನು ಮನುಷ್ಯ ಹೊತ್ತಾಗ ನೂರು ವರ್ಷ ಯಾರಿಗೂ ವಾಂತಿ ಬರಲಿಲ್ಲ. ಅದೇ ಮಲವನ್ನು ನೀರು ಹೊತ್ತು, ಘಟಕದಲ್ಲಿ ಬಿಟ್ಟು, ಬರಿಗೈಯಲ್ಲಿ ಬಂದಾಗ ಇಡೀ ಜಿಲ್ಲೆಗೆ ವಾಂತಿ ಬಂತು. ಈ ವಾಂತಿಯನ್ನು ನಾವು ಹೇಗೆ ಓದಬೇಕು?

ನಮ್ಮ ಹೊಸ ಸಾಹಿತ್ಯವೂ ಈ ಕಡೆ ಸರಿಯಾಗಿ ಕಣ್ಣು ಹಾಯಿಸಿದೆ ಅಂತ ಹೇಳುವಂತಿಲ್ಲ. ಅನಂತಮೂರ್ತಿಯವರ 'ಸಂಸ್ಕಾರ' 1965ರಲ್ಲಿ ಬಂತು. ಒಂದು ಹೆಣಕ್ಕೆ ಸಂಸ್ಕಾರ ಮಾಡುವವರು ಯಾರು ಅಂತ ಇಡೀ ಅಗ್ರಹಾರ ಉಪವಾಸ ಬಿದ್ದು ಚರ್ಚೆ ಮಾಡುತ್ತದೆ. ಹೆಣ ನಾರುತ್ತದೆ. ಶಾಸ್ತ್ರ ಮುಗಿಯುವುದಿಲ್ಲ. ಕೊನೆಗೆ ರಾತ್ರಿಯ ಹೊತ್ತು ಚಂದ್ರಿಯ ಮಾತಿಗೆ ಗಾಡಿ ತಂದು ಸುಟ್ಟುಬರುವವನು ಅಹಮದ್ ಬ್ಯಾರಿ. ವಿಮರ್ಶಕರು ಪ್ರಾಣೇಶಾಚಾರ್ಯರ ದ್ವಂದ್ವದ ಬಗ್ಗೆ ರಾಶಿ ರಾಶಿ ಬರೆದರು. ಬ್ಯಾರಿಯ ಕೈಗೆ ಎಷ್ಟು ಸಾಲು ಸಿಕ್ಕಿತು? ಕಾರಂತರ 'ಚೋಮನ ದುಡಿ'ಯಲ್ಲಿ ಚೋಮನ ಮಗ ನೀರಿನಲ್ಲಿ ಮುಳುಗುತ್ತಾನೆ. ದಡದಲ್ಲಿ ಜನ ಇದ್ದಾರೆ. ಮುಟ್ಟಿ ಎತ್ತಿದರೆ ಮೈಲಿಗೆ. ಮುಳುಗಿಯೇ ಹೋಗುತ್ತಾನೆ. ಎರಡು ಕೃತಿಗಳೂ ಪ್ರಾಮಾಣಿಕವಾದವು, ನಮಗೆ ಅದರಲ್ಲಿ ಅನುಮಾನ ಇಲ್ಲ. ಆದರೆ ಎರಡರಲ್ಲೂ ಮೂಗು, ಕಣ್ಣು ದಡದ ಮೇಲಿನವರದು. ಕೆರೆ ನೀರಿನ ಈಗಿನ ಚರ್ಚೆಯಲ್ಲೂ ಮೂಗು ಅವರದೇ. ಮಾತು ಅಗ್ರಹಾರದ್ದು, ಗುಂಡಿಗೆ ಇಳಿಯುವ ಕೈ ಬೇರೆಯವರದು.

1970ರ ದಶಕದ ಆರಂಭದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ಈ ರಾಜ್ಯದಲ್ಲಿ ನಿಲ್ಲಿಸಲು ಹೊರಟವರು. ಅದೇ ಬಸವಲಿಂಗಪ್ಪನವರೇ 1973ರಲ್ಲಿ ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದದ್ದು. ಊರೂರಲ್ಲಿ ದಲಿತ ಹುಡುಗರಿಗೆ ಹೊಡೆತ ಬಿತ್ತು, ಅವರ ಮಂತ್ರಿಗಿರಿ ಹೋಯಿತು. ಮಲದ ಬುಟ್ಟಿ ಕೆಳಗಿಳಿಸಿದವರಿಗೇ ಸಾಹಿತ್ಯದಲ್ಲಿ ಏನು ಇಲ್ಲ ಅನ್ನುವುದು ಕಂಡಿತು, ಇದು ಆಕಸ್ಮಿಕ ಅಲ್ಲ ಅಂತ ನಾವು ನಂಬಿದ್ದೇವೆ.

ಇಷ್ಟು ಹೇಳಿದ ಮೇಲೆ ಗೆಳೆಯರೊಬ್ಬರು ತಿರುಗಿ ಕೇಳುತ್ತಾರೆ: "ಹಾಗಾದರೆ ನೀವು ಸರ್ಕಾರದ ಪರವಾ? ನಮ್ಮ ಕೇರಿಯವರೂ ಈ ನೀರು ಬೇಡ ಅಂತಿದಾರಲ್ಲ, ಅವರೂ ಮಡಿವಂತರಾ?"

ನ್ಯಾಯವಾದ ಪ್ರಶ್ನೆ. ಅಸಹ್ಯದಲ್ಲಿ ಎರಡು ಬಗೆ ಇದೆ. ಬುಟ್ಟಿ ಎಸೆದವನ ಅಸಹ್ಯ ಒಂದು. ತಲೆತಲಾಂತರ ಮೂಗು ಕಟ್ಟಿಸಿಕೊಂಡಿದ್ದ ಜನ ಮೊದಲ ಸಲ 'ಥೂ, ನಾನು ಮುಟ್ಟಲ್ಲ' ಅಂದದ್ದು ನಮ್ಮ ಚರಿತ್ರೆಯ ದೊಡ್ಡ ಮಾತು. ಅಸಹ್ಯಪಡುವ ಹಕ್ಕೂ ಒಂದು ಹಕ್ಕೇ, ಅದನ್ನೂ ನಮ್ಮಿಂದ ಕಿತ್ತುಕೊಂಡಿದ್ದರು. ಆ ಹಕ್ಕಿನಿಂದ ಕೇರಿಯ ತಾಯಿ ಈ ನೀರು ಬೇಡ ಅಂದರೆ ಅವಳಿಗೆ ನಾವು ಬುದ್ಧಿ ಹೇಳಲು ಹೋಗುವುದಿಲ್ಲ. ಇನ್ನೊಂದು ಬಗೆಯ ಅಸಹ್ಯ ಮಡಿಯದು. ಅದಕ್ಕೆ ತನ್ನ ಕೊಳಕು ಕಾಣುವುದಿಲ್ಲ, ಬೇರೆಯವರ ಹುಟ್ಟು ಮಾತ್ರ ಕಾಣುತ್ತದೆ. ಈ ಎರಡನ್ನೂ ಒಂದೇ ಮೈಕಿನಲ್ಲಿ ಕೂಗಿದರೆ ಲಾಭ ಎರಡನೆಯವನಿಗೆ.

ಅಸಹ್ಯದ ಪಕ್ಕದಲ್ಲಿ ಇನ್ನೊಂದು ಇದೆ, ಅದು ಭಯ. ಭಯ ಪೂರ್ತಿ ನಮ್ಮದು, ಪೂರ್ತಿ ನ್ಯಾಯವಾದದ್ದು. ಎರಡನೇ ಹಂತ ಅಂದರೆ ಏನು? ಮೊದಲು ಕಸ, ಮರಳು ತೆಗೆದು ಕೊಳಚೆಯನ್ನು ತಿಳಿಗೊಳಿಸುತ್ತಾರೆ. ಆಮೇಲೆ ಗಾಳಿ ಊದಿ ಸೂಕ್ಷ್ಮಜೀವಿಗಳನ್ನು ಬೆಳೆಸಿ, ಕರಗಿದ ಕೊಳಕನ್ನು ಅವುಗಳಿಂದ ತಿನ್ನಿಸುತ್ತಾರೆ. ಅಲ್ಲಿಗೆ ಎರಡು ಹಂತ. ಜೀವಿಗಳು ತಿನ್ನಬಹುದಾದ್ದನ್ನು ತಿನ್ನುತ್ತವೆ. ನೈಟ್ರೇಟು, ಫಾಸ್ಫೇಟು, ಸೋಪಿನ ಪುಡಿಯ ಉಳಿಕೆ, ಗಲ್ಲಿ ಗಲ್ಲಿಯ ಕಾರ್ಖಾನೆ ಬಿಟ್ಟ ಸೀಸ, ಕ್ರೋಮಿಯಂನಂಥ ಲೋಹ, ರೋಗದ ಕ್ರಿಮಿ ಇವೆಲ್ಲ ಪೂರ್ತಿ ಹೋಗುತ್ತವೆ ಅನ್ನುವ ಭರವಸೆ ಆ ಹಂತದಲ್ಲಿ ಇಲ್ಲ. ಅದಕ್ಕೇ ಮೂರನೇ ಹಂತ ಇರುವುದು. ಮತ್ತೆ ಸೋಸುವುದು, ಪೋಷಕಾಂಶ ತೆಗೆಯುವುದು, ಕ್ರಿಮಿ ಕೊಲ್ಲುವುದು. ಮಣ್ಣು ಸೋಸುತ್ತದೆ ನಿಜ. ಆದರೆ ಲೋಹ ಮಣ್ಣಿನಲ್ಲಿ ಕೂತುಕೊಳ್ಳುತ್ತದೆ, ಮಾಯ ಆಗುವುದಿಲ್ಲ. ಬೆಳ್ಳಂದೂರು ಕೆರೆ ನೊರೆ ಉಕ್ಕಿ, 2017ರಲ್ಲೂ 2018ರಲ್ಲೂ ಬೆಂಕಿ ಹತ್ತಿಕೊಂಡದ್ದನ್ನು ನೋಡಿದ ಜನ, ಆ ಕಣಿವೆಯ ನೀರು ಅಂದರೆ ಹೆದರುವುದು ಮೂಢನಂಬಿಕೆ ಅಲ್ಲ. ಮೂರನೇ ಹಂತ ಬೇಕು ಅಂತ ಶಾಶ್ವತ ನೀರಾವರಿ ಹೋರಾಟ ಸಮಿತಿ ಕೋರ್ಟಿನವರೆಗೆ ಹೋದದ್ದು ಸರಿಯಾಗಿಯೇ ಇತ್ತು. ಆ ಬೇಡಿಕೆಗೆ ನಮ್ಮ ಕೈಯೂ ಇದೆ.

ಆದರೆ ವೇದಿಕೆಯ ಮೇಲೆ ಆ ಬೇಡಿಕೆಯ ಭಾಷೆ ಏನಾಯಿತು ನೋಡಿ. ಸೀಸ ಎಷ್ಟು, ನೈಟ್ರೇಟ್ ಎಷ್ಟು ಅನ್ನುವುದು ಹಿಂದೆ ಬಿತ್ತು. ಕಕ್ಕಸು, ಕುಂಡಿ ಮುಂದೆ ಬಂತು. ಚಪ್ಪಾಳೆ ಅದಕ್ಕೆ ಬೀಳುತ್ತದೆ, ಗೊತ್ತು. ಸರ್ಕಾರಕ್ಕೂ ಇದೇ ಬೇಕಿತ್ತು. ಭಯಕ್ಕೆ ಉತ್ತರ ಕೊಡಬೇಕಾದರೆ ಪ್ರಯೋಗಾಲಯ ಬೇಕು, ಲೆಕ್ಕ ಬೇಕು, ಸಾವಿರಾರು ಕೋಟಿ ಬೇಕು. ಅಸಹ್ಯಕ್ಕೆ ಉತ್ತರ ಕೊಡಲು ಒಂದು ಬಾಗಿನ ಸಾಕು. ಅರಿಶಿನ ಕುಂಕುಮ ಬಿಟ್ಟು ಗಂಗೆ ಬಂದಳು ಅಂದರೆ ಆಯಿತು. ಮಡಿಯ ಭಾಷೆಯಲ್ಲಿ ಪ್ರಶ್ನೆ ಕೇಳಿದಿರಿ, ಮಡಿಯ ಭಾಷೆಯಲ್ಲೇ ಉತ್ತರ ಬಂತು. ಸೀಸದ ಪ್ರಶ್ನೆ ಕೆರೆಯ ತಳದಲ್ಲಿ ಉಳಿಯಿತು.

ಇನ್ನೊಂದು ಸಂಗತಿ. ಕೆರೆಯಿಂದ ನೇರವಾಗಿ ನೀರೆತ್ತಬಾರದು ಅಂತ ಕಟ್ಟಳೆ ಇದ್ದರೂ ಮೋಟಾರು ಇಟ್ಟು ಎತ್ತಿದ ಸುದ್ದಿಗಳು ಪತ್ರಿಕೆಗಳಲ್ಲಿ ಬಂದವು. ಮೋಟಾರು ಯಾರ ಬಳಿ ಇರುತ್ತದೆ? ಕೆರೆಯಂಚಿನಲ್ಲಿ ಜಮೀನು ಯಾರದು? ಹಗಲು ಸಭೆಯಲ್ಲಿ ಹೊಲಸು, ರಾತ್ರಿ ಟೊಮೇಟೊ ತೋಟಕ್ಕೆ ಅಮೃತ. ಆ ಟೊಮೇಟೊ ಕೋಲಾರದ ಮಂಡಿಗೆ ಹೋಗಿ, ಲಾರಿ ಹತ್ತಿ, ಬೆಂಗಳೂರಿನ ಸಾರಿಗೆ ಬೀಳುತ್ತದೆ. ಬೆಂಗಳೂರಿನವರು ತಮ್ಮ ನೀರನ್ನು ತಾವೇ ತಿನ್ನುತ್ತಿದ್ದಾರೆ, ಅದು ಅವರಿಗೂ ಗೊತ್ತಿಲ್ಲ. ಉಳ್ಳವರ ಮನೆಗೆ ಕ್ಯಾನಿನ ನೀರು ಬರುತ್ತದೆ. ಇಲ್ಲದವರು ಶುದ್ಧ ನೀರಿನ ಘಟಕಕ್ಕೆ ನಾಣ್ಯ ಹಾಕಬೇಕು, ಘಟಕ ಕೆಟ್ಟು ನಿಂತಾಗ ಅದೇ ಬೋರ್‌ವೆಲ್ಲು. ಕ್ಯಾನು ತರಿಸಿಕೊಳ್ಳುವವನ ಅಸಹ್ಯಕ್ಕೆ ಖರ್ಚಿಲ್ಲ. ಬೋರ್‌ವೆಲ್ಲು ಕುಡಿಯುವವನ ಭಯಕ್ಕೆ ಮೂಳೆಯೇ ಬೆಲೆ.

ಇನ್ನು ಬೆಂಗಳೂರು. ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಸ್ವಂತ ಶುದ್ಧೀಕರಣ ಘಟಕ ಇರಬೇಕು, ಆ ನೀರು ಕಕ್ಕಸಿಗೆ, ತೋಟಕ್ಕೆ ಮತ್ತೆ ಹೋಗಬೇಕು ಅಂತ ನಿಯಮ ಇದೆ. ಎರಡು ಪೈಪು, ಎರಡು ಟ್ಯಾಂಕು. ಕಕ್ಕಸಿನ ಫ್ಲಶ್ಶಿಗೆ ಬರುವ ನೀರು ಚೂರು ಹಳದಿ ಕಂಡರೆ, ಚೂರು ವಾಸನೆ ಬಂದರೆ ಅಲ್ಲಿನವರಿಗೆ ಆಗುವುದಿಲ್ಲ. ಗಮನಿಸಿ, ಕಕ್ಕಸು ತೊಳೆಯಲೂ ಆಗದ ನೀರು! 2024ರ ಮಾರ್ಚ್‌ನಲ್ಲಿ ನಗರದ ಬೋರ್‌ವೆಲ್ಲುಗಳು ಬತ್ತಿದಾಗ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಸಾರಬೇಕಾಯಿತು. ಅಂದರೆ ಅಲ್ಲಿಯವರೆಗೆ ನೂರು ಕಿಲೋಮೀಟರಿನಿಂದ ಎತ್ತಿ ತಂದ ಕಾವೇರಿಯಲ್ಲಿ ಕಾರು ಸ್ನಾನ ಮಾಡುತ್ತಿತ್ತು. ಕಾರಿಗೆ ಕಾವೇರಿ, ಕೋಲಾರಕ್ಕೆ ಎರಡನೇ ಹಂತ. ನಮ್ಮ ಜಗಳ ಇಲ್ಲಿ ಶುರುವಾಗಬೇಕು. ಆ ನೀರು ಕೊಳಕು ಅನ್ನುವುದಕ್ಕಾಗಿ ಅಲ್ಲ. ತಾನು ತನ್ನ ಸಂಪಿಗೆ ಬಿಟ್ಟುಕೊಳ್ಳದ ನೀರನ್ನು ಇನ್ನೊಬ್ಬರ ಕೆರೆಗೆ ಬಿಡುವುದು ಅಸಮಾನತೆ, ಅದಕ್ಕಾಗಿ.

ಆ ಅಪಾರ್ಟ್‌ಮೆಂಟಿನ ಘಟಕದ ಒಳಗೆ ಯಾರಿದ್ದಾರೆ? 2018ರ ಜನವರಿಯಲ್ಲಿ, ಕೋಲಾರಕ್ಕೆ ನೀರು ಬರುವ ಐದು ತಿಂಗಳ ಮುಂಚೆ, ಬೆಂಗಳೂರಿನ ಎಚ್‌.ಎಸ್‌.ಆರ್. ಬಡಾವಣೆ ಕಡೆಯ ಒಂದು ಅಪಾರ್ಟ್‌ಮೆಂಟಿನ ಶುದ್ಧೀಕರಣ ಘಟಕ ತೊಳೆಯಲು ಇಳಿದ ಮೂವರು ಉಸಿರು ಕಟ್ಟಿ ಸತ್ತರು. ಘಟಕ ಹೊಸದು, ಸಾವು ಮಾರಿಕುಪ್ಪಂನದೇ. ನೀರು ಸಂಸ್ಕರಿಸಿದರೂ ಕೊನೆಗೆ ತಳದಲ್ಲಿ ಕೆಸರು ಉಳಿಯುತ್ತದೆ. ಆ ಕೆಸರನ್ನು ಎತ್ತುವವನ ಜಾತಿ ಮೂರನೇ ಹಂತದಲ್ಲೂ ಬದಲಾಗಿಲ್ಲ. ಗುಂಡಿಗೆ ಇಳಿದು ಸತ್ತವರ ಕುಟುಂಬಕ್ಕೆ 10 ಲಕ್ಷ ಅಂತ 2014ರಲ್ಲಿ ಸುಪ್ರೀಂ ಕೋರ್ಟು ಹೇಳಿತ್ತು, 2023ರಲ್ಲಿ 30 ಲಕ್ಷ ಅಂದಿತು. ಬೆಲೆ ಏರುತ್ತಿದೆ. ಇಳಿಯುವುದು ನಿಂತಿಲ್ಲ.

ಬೇರೆ ದೇಶದ ಮಾತನ್ನೂ ಎರಡು ಸಾಲಿನಲ್ಲಿ ಹೇಳಿಬಿಡುತ್ತೇವೆ. ಆಫ್ರಿಕಾದ ನಮೀಬಿಯಾದ ವಿಂಡ್‌ಹುಕ್ ಪಟ್ಟಣ 1968ರಿಂದ ತನ್ನ ಕೊಳಚೆಯನ್ನು ಶುದ್ಧ ಮಾಡಿ ಕುಡಿಯುವ ನೀರಿಗೆ ಸೇರಿಸಿಕೊಳ್ಳುತ್ತಿದೆ. ಸಿಂಗಪುರ 2003ರಿಂದ 'ನ್ಯೂವಾಟರ್' ಅಂತ ಹೆಸರಿಟ್ಟು ಕಾರ್ಖಾನೆಗೂ ಜಲಾಶಯಕ್ಕೂ ಕೊಡುತ್ತಿದೆ. ಆಸ್ಟ್ರೇಲಿಯಾದ ಟೂವೂಂಬಾ ಊರಿನಲ್ಲಿ 2006ರಲ್ಲಿ ಜನರನ್ನೇ ವೋಟು ಕೇಳಿದರು, ನೂರಕ್ಕೆ 62 ಮಂದಿ ಬೇಡ ಅಂದರು. ಅಂದರೆ ಅಸಹ್ಯ ಎಲ್ಲ ಕಡೆಯೂ ಇದೆ, ಅದನ್ನು ನಾವು ಜಾತಿಯೊಂದರ ತಲೆಗೇ ಕಟ್ಟುತ್ತಿಲ್ಲ. ಆದರೆ ಅಲ್ಲಿನವರನ್ನು ಕೇಳಿದರು. ಕೇಳಿದ ಮೇಲೆ ಅವರು ಬೇಡ ಅಂದರು. ಕೋಲಾರವನ್ನು ಯಾರು ಕೇಳಿದರು? ವಿಂಡ್‌ಹುಕ್‌ನವರು ತಾವು ಬಳಸಿದ್ದನ್ನು ತಾವೇ ಕುಡಿಯುತ್ತಾರೆ, ಪಕ್ಕದ ಬಡ ಜಿಲ್ಲೆಗೆ ಪೈಪು ಹಾಕಿ ಕೈ ತೊಳೆದುಕೊಳ್ಳಲಿಲ್ಲ.

ನಮ್ಮ ಸಂಘಟನೆಗಳ ಗೆಳೆಯರಿಗೂ ಒಂದು ಮಾತು ಇದೆ. ಹೋರಾಟದ ಕರಪತ್ರಗಳಲ್ಲಿ 'ಕಕ್ಕಸು ನೀರು' ಅಂತ ಅಚ್ಚು ಮಾಡಿಸುವುದನ್ನು ಬಿಡಬೇಕು. ಆ ಪದ ಅಚ್ಚಾದ ಕಡೆಯೆಲ್ಲ, ಮಾರಿಕುಪ್ಪಂನ ಲೈನಿನಲ್ಲಿ ಬೆಳೆದ ಹುಡುಗಿಗೆ ಅದು ತನ್ನ ಅಜ್ಜಿಯ ಹೆಸರಿನಂತೆ ಕೇಳಿಸುತ್ತದೆ. ಅದರ ಬದಲು ಸಂಖ್ಯೆ ಅಚ್ಚು ಮಾಡಿಸಿ. ಈ ತಿಂಗಳು ಈ ಕೆರೆಯಲ್ಲಿ ನೈಟ್ರೇಟ್ ಇಷ್ಟು, ಸೀಸ ಇಷ್ಟು, ಕ್ರಿಮಿ ಇಷ್ಟು. ಈ ಕೇರಿಯ ಬೋರ್‌ವೆಲ್ಲಿನಲ್ಲಿ ಇಷ್ಟು. ಪರೀಕ್ಷೆ ಮಾಡಿದವರು ಇವರು, ತಾರೀಖು ಇದು. ಇದನ್ನು ಕೆರೆ ಕೋಡಿಯ ಮೇಲೆ ಬೋರ್ಡು ಬರೆದು ನಿಲ್ಲಿಸಿ ಅಂತ ಗ್ರಾಮಸಭೆಯಲ್ಲಿ ನಡಾವಳಿ ಮಾಡಿಸಬೇಕು. ಪಾಲಾರಿನ ಸಾಲಿನಲ್ಲಿ ಮೇಲಿನ ಕೆರೆಗೆ ಬಿದ್ದದ್ದು ಇಂದಲ್ಲ ನಾಳೆ ಕೆಳಗೆ ಇಳಿಯುತ್ತದೆ, ಆದ್ದರಿಂದ ಬೇತಮಂಗಲದ ಪಂಚಾಯ್ತಿ ನಮಗೆ ಸಂಬಂಧ ಇಲ್ಲ ಅನ್ನುವಂತಿಲ್ಲ. ಘಟಕದಲ್ಲಿ ಕೆಸರು ಎತ್ತುವವರು ಎಷ್ಟು ಮಂದಿ, ಅವರ ಕೆಲಸ ಕಾಯಂ ಆಗಿದೆಯಾ, ಯಂತ್ರ ಇದೆಯಾ ಅನ್ನುವುದೂ ಅದೇ ಬೋರ್ಡಿನಲ್ಲಿ ಇರಲಿ. ರಿಪೋರ್ಟು ಇಂಗ್ಲಿಷಿನಲ್ಲಿ ಬಂದರೆ ವಾಪಸ್ಸು ಕಳಿಸಬೇಕು. ಕನ್ನಡದಲ್ಲಿ ಬಂದ ಮೇಲೆ ಹಟ್ಟಿಗಳಲ್ಲಿ ಅದನ್ನು ತೆಲುಗಿನಲ್ಲಿ ಓದಿ ಹೇಳುವ ಕೆಲಸಕ್ಕೆ ಈ ಪತ್ರಿಕೆ ಓದುವ ಮೇಷ್ಟ್ರುಗಳು ಬೇಕು. ಸಂಜೆ ಏಳರ ಮೇಲಾದರೆ ಹೆಂಗಸರೂ ಕೂಲಿಯಿಂದ ಬಂದಿರುತ್ತಾರೆ.